ಹುಳದ ಮನೆಯ ಸರ್ವರ್

ಸರ್ವರ್ ಇವತ್ತು ಏಳುತ್ತದೋ ಇಲ್ಲವೋ?

ಹತ್ತು ದಿನದಿಂದ ಶ್ರೀವಲ್ಲಿಗೆ ಬೆಳಗಾಗುತ್ತಿದ್ದುದೇ ಈ ಯೋಚನೆಯೊಂದಿಗೆ. ಒಂದೂವರೆ ವರ್ಷದ ಮಗಳು ಅಪೇಕ್ಷಾಳ ಬಾಯಿಗೆ ರಾಗಿ ಸರಿ ಇಡುವಾಗ, ಎದೆಗೆ ಕಫ ಕಟ್ಟಿದೆಯೇ ಎಂದು ಕಿವಿಗೊಟ್ಟು ಕೇಳುವಾಗ, ತಲೆಯೊಳಗೆ ಆ ಕಂಪ್ಯೂಟರಿನ ಫ್ಯಾನು ಗರಗರ ಅನ್ನುತ್ತಲೇ ಇರುತ್ತಿತ್ತು. ಅತ್ತೆ ಪದ್ಮಮ್ಮನವರು ಸೊಸೆಯ ಮುಖ ನೋಡಿ, "ನೆಗಡಿ ಆಗಿರೋದು ಮಗೂಗೆ ಕಣೇ. ನಿಂಗೇನಾಗಿದೆ?" ಎಂದು ಕೇಳಿದ್ದರು. ಅವಳು ಏನೂ ಇಲ್ಲ ಅಂದಿದ್ದಳು.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಆವುಲಪ್ಪನವರ ಚಾಕಿ ಕೇಂದ್ರವಿದೆ. ರೇಷ್ಮೆ ಮೊಟ್ಟೆ ಒಡೆದು ಬಂದ ಮರಿಹುಳುಗಳನ್ನು ಎರಡನೇ ಜ್ವರಕ್ಕೆ ಕೂರುವ ತನಕ ಸಾಕಿ ರೈತರಿಗೆ ಕೊಡುವ ಜಾಗ ಅದು. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂರುತ್ತದಲ್ಲ, ಅದು. ಎದ್ದ ಮೇಲೆ ಅದರ ಹಸಿವು ತಡೆಯುವಂಥದ್ದಲ್ಲ. ಅಷ್ಟರಲ್ಲಿ ಅದು ರೈತನ ಮನೆ ಸೇರಿರಬೇಕು, ಅಲ್ಲಿ ಎಳೆ ಸೊಪ್ಪು ಕೊಯ್ದು ಸಿದ್ಧವಾಗಿರಬೇಕು. ಯಾರಿಗೆ, ಯಾವ ದಿನ, ಎಷ್ಟು ಮೊಟ್ಟೆಯ ಹುಳು ಎಂಬುದನ್ನು ನೋಡಿಕೊಳ್ಳುವುದೇ ಶ್ರೀವಲ್ಲಿಯ ಕೆಲಸ. ಒಂದು ಚಿಟ್ಟೆ ಇಟ್ಟದ್ದನ್ನೆಲ್ಲ ಸೇರಿಸಿ ಇಲ್ಲಿ ಒಂದು ಮೊಟ್ಟೆ ಎಂದು ಲೆಕ್ಕ ಹಿಡಿಯುತ್ತಾರೆ.

ಅವಳು ಚಿಕ್ಕಬಳ್ಳಾಪುರದ ಗುಮಾಸ್ತ ಪುಟ್ಟಸ್ವಾಮಯ್ಯನವರ ಮಗಳು. ಓದಿದ್ದೆಲ್ಲ ಬೆಂಗಳೂರಿನಲ್ಲಿ, ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು. ಹುಟ್ಟಿನಿಂದಲೇ ಅಂಜುಬುರುಕಿ. ಮನೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಬೀಗ ಜಗ್ಗಿ ನೋಡುವ ಪೈಕಿ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗುಮಾಸ್ತನಾಗಿರುವ ಅಚ್ಯುತನನ್ನು ಮದುವೆಯಾಗಿ ಬಂದ ವರ್ಷವೇ ಈ ಕೆಲಸ ಸಿಕ್ಕಿತು. ಮೊದಲನೆಯ ದಿನ, ಹುಳ ನೋಡಿಕೊಳ್ಳುವ ಮುನಿಲಕ್ಷ್ಮಿ ಒಂದು ಮರಿಯನ್ನು ಅವಳ ಅಂಗೈ ಮೇಲೆ ಬಿಟ್ಟಿದ್ದಳು. ಆಮೇಲೆ ಎರಡು ದಿನ ಶ್ರೀವಲ್ಲಿಗೆ ಊಟ ಸೇರಿರಲಿಲ್ಲ. ಈಗ ಹುಳದ ಮನೆಯ ಬಾಗಿಲಲ್ಲಿ ನಿಂತು ವಾಸನೆಯಲ್ಲೇ ಸೊಪ್ಪು ಬಾಡಿದೆಯೋ ಇಲ್ಲವೋ ಹೇಳುತ್ತಾಳೆ.

ಮೊದಲು ಎಲ್ಲವೂ ನೋಟ್‌ಬುಕ್ಕಿನಲ್ಲಿತ್ತು. ಮಂಡಿಕಲ್ಲು, ಕೈವಾರ, ಗೌರಿಬಿದನೂರಿನ ಕಡೆಯವರೂ ಬರತೊಡಗಿ ರೈತರ ಸಂಖ್ಯೆ ಆರುನೂರು ದಾಟಿದ ಮೇಲೆ ಆವುಲಪ್ಪನವರು ಬೆಂಗಳೂರಿನ ಒಂದು ಸಣ್ಣ ಕಂಪನಿಯಿಂದ ಸಾಫ್ಟ್‌ವೇರ್ ಮಾಡಿಸಿದರು. ಶ್ರೀವಲ್ಲಿ ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ವಾರವೇ ಅದೂ ಬಂತು. ಜತೆಗೆ ಕಂಪನಿಯವರು ಒಂದು ಹಾಳೆ ಕೊಟ್ಟಿದ್ದರು. ಮೂರು ಕಡೆಯಿಂದ ಒಟ್ಟಿಗೆ ಕೆಲಸ ಮಾಡುವುದಾದರೆ ಸರ್ವರಿಗೆ ಹದಿನಾರು ಜಿಬಿ ಮೆಮೊರಿ ಇರಬೇಕು. ಡಿಸ್ಕು ಎರಡಿರಬೇಕು, ಒಂದು ಕೆಟ್ಟರೆ ಇನ್ನೊಂದು ಹೊರುವಂತೆ. ಕರೆಂಟು ಹೋದರೂ ಯುಪಿಎಸ್ ಅರ್ಧ ಗಂಟೆ ತಡೆಯಬೇಕು. ದಿನದ ಬ್ಯಾಕಪ್ಪು ಬೇರೊಂದು ಜಾಗದಲ್ಲಿರಬೇಕು. ಕೊನೆಯ ಸಾಲಿನಲ್ಲಿ, ತಂಪಾದ, ಒಣ, ದೂಳಿಲ್ಲದ ಕೋಣೆ ಎಂದಿತ್ತು.

ಆಫೀಸಿಗೆ ಇರುವುದು ಶೀಟಿನ ಮಾಡು. ಏಪ್ರಿಲಿನಲ್ಲಿ ಅಲ್ಲಿ ಮನುಷ್ಯರೇ ಬೇಯುತ್ತಾರೆ. ಎಲ್ಲಿಡೋಣ ಎಂದು ಆವುಲಪ್ಪನವರು ಕೇಳಿದಾಗ ಹುಳದ ಮನೆ ಎಂದವಳು ಶ್ರೀವಲ್ಲಿ. ಅಲ್ಲಿ ವರ್ಷವಿಡೀ ಒಂದೇ ಹದದ ತಂಪು, ಕರೆಂಟು ಹೋದರೆ ತಾನೇ ಶುರುವಾಗುವ ಜನರೇಟರು. ಆರು ತಿಂಗಳು ರಜೆಯಲ್ಲಿದ್ದು ಬಂದವಳಿಗೆ ಏನಾದರೂ ಜಾಣತನದ ಮಾತು ಹೇಳಬೇಕಾಗಿತ್ತು. ಆವುಲಪ್ಪನವರು ತಲೆದೂಗಿದರು. "ನೋಡ್ರಪ್ಪ, ಓದಿದೋರು ಅಂದ್ರೆ ಹಿಂಗಿರ್ಬೇಕು" ಎಂದು ಎಲ್ಲರೆದುರು ಹೇಳಿದರು. 'ಒಣ' ಎಂಬ ಮಾತನ್ನು ಅವಳು ಓದಿರಲಿಲ್ಲ ಎಂದಲ್ಲ. ಓದಿದ್ದಳು. ಮಳೆ ನೀರು ಬೀಳದಿದ್ದರೆ ಸಾಕು ಎಂದುಕೊಂಡಿದ್ದಳು.

ಹುಳದ ಮನೆಯಲ್ಲಿ ಮಳೆ ಬೀಳುವುದಿಲ್ಲ, ನಿಜ. ಆದರೆ ಸೊಪ್ಪು ಬಾಡಬಾರದೆಂದು ಅಲ್ಲಿ ಹಗಲೂ ರಾತ್ರಿ ಹಬೆಯ ಯಂತ್ರ ಮಂಜು ಕಾರುತ್ತಿರುತ್ತದೆ, ಕಿಟಕಿಗೆ ಒದ್ದೆ ಗೋಣಿ ಕಟ್ಟಿರುತ್ತಾರೆ. ಹುಳು ಜ್ವರಕ್ಕೆ ಕೂತಾಗ ಹಾಸು ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ.

ವರ್ಷ ತುಂಬುವಷ್ಟರಲ್ಲಿ ಸಾಫ್ಟ್‌ವೇರ್ ಮುಗ್ಗರಿಸತೊಡಗಿತು. ಒಂದು ಹೆಸರು ಒತ್ತಿದರೆ ಟೀ ಕುಡಿದು ಬರುವಷ್ಟು ಹೊತ್ತು. ಕಂಪನಿಯ ವಂಶಿ ಎಂಬಾತ ಫೋನಿನಲ್ಲಿ ಎಲ್ಲ ವಿಚಾರಿಸಿ, ಸರ್ವರ್ ಎಲ್ಲಿಟ್ಟಿದ್ದೀರಿ ಮೇಡಂ ಎಂದು ಕೇಳಿದ. ಎದುರಿಗೇ ಆವುಲಪ್ಪನವರು ಕೂತಿದ್ದರು. ಶ್ರೀವಲ್ಲಿಯ ಬಾಯಿಂದ "ಆಫೀಸಲ್ಲೇ" ಎಂದು ಬಂದುಬಿಟ್ಟಿತು. ಆವುಲಪ್ಪನವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವರ ಪಾಲಿಗೆ ಕೇಂದ್ರವೆಲ್ಲ ಆಫೀಸೇ. ಹಾಗಾದರೆ ಮೆಮೊರಿ ಸಾಲದಿರಬೇಕು ಎಂದ ವಂಶಿ. ಮೆಮೊರಿ ತರಿಸಿದರು, ಹಾಕಿಸಿದರು. ಹಾಕಿದ ಹುಡುಗ ಒಳಗಿನ ಬಿಳಿ ಪುಡಿಯನ್ನು ದೂಳೆಂದುಕೊಂಡು ಊದಿ, ಮುಚ್ಚಿ ಹೋದ. ಎರಡು ದಿನ ಸರಿಹೋದಂತಾಗಿ ಮತ್ತೆ ಅದೇ ಕತೆ. ಆವುಲಪ್ಪನವರ ಪಿತ್ತ ನೆತ್ತಿಗೇರಿತು. ಕಂಪನಿಯವರು ಕೊಟ್ಟಿರುವುದೇ ಹುಳುಕು ಮಾಲು, ಮಂಗಳವಾರ ಖುದ್ದಾಗಿ ಹೋಗಿ ಅವರ ಮುಖದ ಮೇಲೆ ಎಸೆದು ಬರುತ್ತೇನೆ ಎಂದರು.

ಆ ಮಂಗಳವಾರ ಬೆಳಿಗ್ಗೆ ಅವರು ಕಾರು ಹತ್ತಿ ಹೊರಟ ಸ್ವಲ್ಪ ಹೊತ್ತಿಗೆ ಸರ್ವರ್ ತಾನಾಗಿಯೇ ಆರಿಹೋಯಿತು.

ಗುರುವಾರ ನಲವತ್ತೆರಡು ರೈತರಿಗೆ ಹುಳು ಹೋಗಬೇಕಿತ್ತು. ಪಟ್ಟಿ ಇದ್ದದ್ದು ಅದರೊಳಗೆ ಮಾತ್ರ. ಬ್ಯಾಕಪ್ ಡಿಸ್ಕು ಎಲ್ಲಿ ಎಂದರೆ, ಹುಡುಕಾಡುವುದು ಬೇಡವೆಂದು ಸರ್ವರಿನ ತಲೆಯ ಮೇಲೇ ಇಟ್ಟಿದ್ದಳು. ಅದರ ಮೈಗೂ ಬೆಳ್ಳನೆ ಪುಡಿ ಮೆತ್ತಿತ್ತು, ಆಫೀಸಿನ ಕಂಪ್ಯೂಟರಿಗೆ ಚುಚ್ಚಿದರೆ ತೆರೆಯಲಿಲ್ಲ. ಪಕ್ಕದ ತಟ್ಟೆಗಳಲ್ಲಿ ಹುಳು ಮೊದಲನೇ ಜ್ವರಕ್ಕೆ ಕೂತಿದ್ದವು. ತಟ್ಟೆ ಅಲುಗಿದರೆ ನೋಡಿ ಎಂದು ಮುನಿಲಕ್ಷ್ಮಿ ಕಣ್ಣಿನಲ್ಲೇ ಗದರಿಸಿದಳು. ಶ್ರೀವಲ್ಲಿ ಉಸಿರು ಬಿಗಿಹಿಡಿದು ತಿರುಪು ಬಿಚ್ಚಿ ಬದಿಯ ತಗಡು ಎಳೆದಳು.

ಒಳಗೆ ಫ್ಯಾನಿನ ರೆಕ್ಕೆಗಳಿಗೆ ಸುಣ್ಣ ಹಸಿಯಾಗಿ ಮೆತ್ತಿ ಗಾರೆಯಂತೆ ಗಟ್ಟಿಯಾಗಿತ್ತು. ತಂತಿ ಸೇರುವ ಜಾಗಗಳಲ್ಲಿ ಹಸಿರು ಕಿಲುಬು.

ಮುನಿಲಕ್ಷ್ಮಿ ಬಗ್ಗಿ ನೋಡಿದಳು. "ಇದೇನಮ್ಮ, ಒಳಗೆಲ್ಲ ಸುಣ್ಣ ಬಳಿದಂಗೈತೆ?"

"ನೀವು ಹುಳಕ್ಕೆ ಹಾಕಿದ್ದೇ ಮುನಿಲಕ್ಷ್ಮಮ್ಮ."

"ಹುಳಕ್ಕೆ ತ್ಯಾವ ಬೇಕು, ನಿಮ್ ಮಿಸೀನಿಗೆ ಒಣ ಹವಾ ಬೇಕು. ಇಬ್ರನ್ನೂ ಒಂದೇ ರೂಮಲ್ಲಿ ಇಟ್ರೆ ಅತ್ತೆ ಸೊಸೇನ ಒಂದೇ ಒಲೆ ಮುಂದೆ ಕೂರ್ಸಿದಂಗಾಯ್ತು. ಯಾರಮ್ಮ ಇಲ್ಲಿ ಇಡಿ ಅಂದೋರು?"

ಶ್ರೀವಲ್ಲಿ ಬಣ್ಣ ಹಚ್ಚುವ ಹೊಸ ಬ್ರಷ್ಷಿನಿಂದ ಫ್ಯಾನನ್ನು ಕೆರೆದಳು. ಗುಂಡಿ ಒತ್ತಿದರೆ ಏಳಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಕೆಮ್ಮಿದಂತೆ ಸದ್ದು ಮಾಡಿ ಎದ್ದಿತು. ಪ್ರಿಂಟರನ್ನು ನಂಬದೆ, ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ನಲವತ್ತೆರಡು ಹೆಸರು, ಊರು, ಫೋನ್ ನಂಬರು, ಮೊಟ್ಟೆಯ ಲೆಕ್ಕ ಎಲ್ಲವನ್ನೂ ಹಾಳೆಗೆ ಇಳಿಸಿಕೊಂಡಳು. ಮುನಿಗಂಗಪ್ಪ, ಕೈವಾರ, ಇನ್ನೂರು. ಎರ್ರಪ್ಪ, ಪೆರೇಸಂದ್ರ, ನೂರೈವತ್ತು. ಕೊನೆಯ ಹೆಸರು ಬರೆದು ಮುಗಿಸುವವರೆಗೂ ಪರದೆ ಆರಲಿಲ್ಲ.

ಈ ಗುರುವಾರದ ಗಂಡಾಂತರ ದಾಟಿತು. ಆದರೆ ಆರುನೂರು ರೈತರ ಹಿಂದಿನ ಬೆಳೆಗಳ ವಿವರವೆಲ್ಲ ಇನ್ನೂ ಅದರೊಳಗೇ ಇತ್ತು. ಸರ್ವರನ್ನು ಇವತ್ತೇ ಒಣ ಜಾಗಕ್ಕೆ ಸಾಗಿಸಿ, ಡಿಸ್ಕನ್ನು ನಕಲು ಮಾಡಿಕೊಳ್ಳಬೇಕು. ಸುಮ್ಮನಿದ್ದರೆ? ಆವುಲಪ್ಪನವರು ಕಂಪನಿಯವರನ್ನು ಬೈದು, ಸಂಬಂಧ ಕಡಿದುಕೊಂಡು ಬರುತ್ತಾರೆ. ತಪ್ಪು ವಂಶಿಯ ತಲೆಗೆ ಬೀಳುತ್ತದೆ. ಅವಳ ಹೆಸರು ಎಲ್ಲೂ ಬರುವುದಿಲ್ಲ. ಹೇಳಿದರೋ, ಎಲ್ಲರೆದುರು ಹೊಗಳಿದವರು ಎಲ್ಲರೆದುರೇ ಮನೆಗೆ ಹೋಗಮ್ಮ ಎನ್ನಬಹುದು. ಮಗುವನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಬಂದು ಗಳಿಸಿದ ಹೆಸರು ಅದೊಂದೇ.

ಗಡಿಯಾರ ನೋಡಿದಳು. ಹತ್ತು ಗಂಟೆ. ಕಾರು ಇನ್ನೂ ಬೆಂಗಳೂರು ಮುಟ್ಟಿರಲಾರದು. ಹೊರಗೆ ಹುಣಸೆಮರದ ಕೆಳಗೆ ಬಂದು ಫೋನು ಒತ್ತಿದಳು.

"ಏನಮ್ಮ ಶ್ರೀವಲ್ಲಿ, ತಿಂಡಿ ತಿಂದು ಈಗ ಹೊರಟೆ, ದೇವನಹಳ್ಳಿ ಹತ್ರ ಇದೀನಿ. ಬೇಗ ಹೇಳು."

"ಸಾರ್, ಕಂಪನಿಗೆ ಹೋಗ್ಬೇಡಿ. ತಪ್ಪು ಅವರ್ದಲ್ಲ, ನಂದು. ಒಣ ಜಾಗ ಬೇಕು ಅಂತ ಅವರು ಬರ್ದು ಕೊಟ್ಟಿದ್ರು. ನಾನು ಓದಿ, ಹುಳದ ಮನೇಲಿ ಇಡಿ ಅಂದೆ. ಒಳಗೆಲ್ಲ ಸುಣ್ಣ ಕಟ್ಕೊಂಡಿದೆ. ವಂಶಿ ಕೇಳ್ದಾಗ್ಲೂ ಆಫೀಸಲ್ಲಿದೆ ಅಂತ ಸುಳ್ಳು ಹೇಳ್ದೆ."

ಆವುಲಪ್ಪನವರು ಗಾಡಿಯನ್ನು ರಸ್ತೆ ಬದಿಗೆ ಹಾಕಿಸಿದರು.

"ಗುರುವಾರದ ಪಟ್ಟಿ?"

"ಕೈಯಲ್ಲಿ ಬರ್ಕೊಂಡಿದೀನಿ ಸಾರ್. ನಲವತ್ತೆರಡೂ ಇದೆ."

"ಮಿಸೀನು ಎಲ್ಲಿಡ್ಬೇಕು ಈಗ?"

"ಹುಳದ ಮನೆ ಮಹಡಿ ಮೇಲೆ, ನೀವು ಮಧ್ಯಾಹ್ನ ಮಲಗೋ ರೂಮಲ್ಲಿ. ಇರೋದ್ರಲ್ಲಿ ಅದೊಂದೇ ಒಣಗಿರೋದು."

"ಅಂದ್ರೆ ನನ್ ನಿದ್ದೇಗೂ ಕಲ್ಲು ಹಾಕ್ದೆ." ಅವರು ಡ್ರೈವರಿಗೆ ತೆಲುಗಿನಲ್ಲಿ ಗಾಡಿ ತಿರುಗಿಸಲು ಹೇಳಿದ್ದು ಕೇಳಿಸಿತು. "ಕೀಲಿಕೈ ನನ್ ಹತ್ರ ಐತೆ, ಬರ್ತೀನಿ. ಆ ಹುಡುಗನಿಗೆ ನೀನೇ ಫೋನ್ ಮಾಡಿ ನಿಜ ಹೇಳು. ಬೈಯೋದು ಬಂದು ಬೈತೀನಿ, ಫೋನಲ್ಲಿ ಸರಿಯಾಗಿ ಆಗಲ್ಲ."