ಮೀಸೆ ಬಂದರೆ ಬ್ಯಾಂಡಿಲ್ಲ

ನನಗೆ ಸ್ಪ್ಯಾನಿಷ್ ಬಾರದು. ಆದರೂ ದೋಸೆ ಹುಯ್ಯುವಾಗ ನನ್ನ ಬಾಯಲ್ಲಿ ದೇವರನಾಮದ ಬದಲು ಒಂದು ಸ್ಪ್ಯಾನಿಷ್ ಪ್ರೇಮಗೀತೆ ಹೊರಡುತ್ತದೆ. ಅರ್ಥ ಕೇಳಬೇಡಿ; ದೇವರನಾಮದ ಅರ್ಥವಾದರೂ ನನಗೆ ಪೂರ್ತಿ ಗೊತ್ತೇ?

ತೊಂಬತ್ತರ ದಶಕದಲ್ಲಿ ಮಗಳು ಮೇಘನಾ ಅಂಟಿಸಿದ ರೋಗವಿದು. ಕೆನಡಾದ ಪಿಕರಿಂಗಿನ ನಮ್ಮ ಬೇಸ್‌ಮೆಂಟಿನ ಗೋಡೆಯ ಪೋಸ್ಟರಿನಲ್ಲಿ ಹಾಡುವ ಬ್ಯಾಂಡೊಂದರ ಐವರು ಲ್ಯಾಟಿನ್ ಹುಡುಗರು ಹಲ್ಲು ಕಿರಿದು ನಿಂತಿದ್ದರು. ಆ ಬ್ಯಾಂಡಿಗೊಂದು ಕಟ್ಟುನಿಟ್ಟಿನ ನಿಯಮ: ದನಿ ಒಡೆದು ಮೀಸೆ ಚಿಗುರಿತೋ, ಹುಡುಗ ಹೊರಗೆ. ಅವನ ಜಾಗಕ್ಕೆ, ಅವನ ಸಾಲುಗಳಿಗೆ ಹೊಸ ಹುಡುಗ. ಬ್ಯಾಂಡಿಗೆ ಮಾತ್ರ ವಯಸ್ಸೇ ಆಗದು.

"ಎಂಥ ಮಾರಾಯ್ತಿ, ಸರ್ಕಾರಿ ನೌಕರರಿಗಾದ್ರೂ ಒಂದು ಶಾಲು ಹೊದಿಸಿ ಕಳಿಸ್ತಾರೆ!" ಎಂದು ನನ್ನ ಗಂಡ ಮರುಗುತ್ತಿದ್ದರು. ಉಡುಪಿಯವರು, ಚಿಕ್ಕಂದಿನಲ್ಲಿ ಯಕ್ಷಗಾನದಲ್ಲಿ ಬಾಲಗೋಪಾಲನಾಗಿ ಕುಣಿದವರು. ಪ್ರಸಂಗಕ್ಕೆ ಮುಂಚೆ ಬರುವ ಆ ಪುಟ್ಟ ವೇಷದ ಹುಡುಗ ಬೆಳೆದನೆಂದು ಮೇಳದವರು ಓಡಿಸುವುದಿಲ್ಲವಂತೆ. ಇನ್ನೊಂದು ವೇಷ ಕೊಡುತ್ತಾರಂತೆ. ಇದನ್ನು ಅವರು ಮಗಳಿಗೆ ಎಷ್ಟು ಸಲ ಹೇಳಿದ್ದರೋ.

ಅಂಥವರು ಒಂದು ಜನವರಿಯಲ್ಲಿ ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕುಸಿದರು, ಮನೆಗೆ ಬರಲೇ ಇಲ್ಲ. ನಲವತ್ತು ದಾಟಿತ್ತಷ್ಟೇ. ಮೇಘನಾ ಅಳಲಿಲ್ಲ. ಬಂದವರಿಗೆಲ್ಲ ಚಹಾ ಕೊಟ್ಟಳು, ಸ್ಕೂಲಿಗೆ ಹೋದಳು. "ಗಟ್ಟಿ ಹುಡುಗಿ" ಎಂದರು ಜನ. ನನಗೋ ಹೆದರಿಕೆ, ಈ ಮಗು ಎಂದಾದರೂ ಅತ್ತೀತೇ ಎಂದು.

ನಮಗೆ ಆಸರೆಯಾಗಲೆಂದು ಊರಿನಿಂದ ಮೈದುನ ಸುಧಾಕರ ತೆಳು ಸ್ವೆಟರಿನಲ್ಲಿ ಬಂದಿಳಿದ. ಹೊಸದಾಗಿ ಬಂದವರಿಗೆ ಮನೆಯಲ್ಲಿದ್ದ ಕೋಟು ತೊಡಿಸುವುದು ಇಲ್ಲಿ ನಮ್ಮವರ ಪದ್ಧತಿ. ಗಂಡನ ನೀಲಿ ಜ್ಯಾಕೆಟ್ಟನ್ನೇ ಕೊಟ್ಟೆ. ಅದರ ಜಿಪ್ಪು ಎಳೆಯುವುದನ್ನು ಮೇಘನಾಳೇ ತೋರಿಸಿಕೊಟ್ಟಳು.

ಮಾರ್ಚಿನಲ್ಲಿ ಅವಳ ಮೆಚ್ಚಿನ ಹುಡುಗನಿಗೆ ಮೀಸೆ ಬಂದುಬಿಟ್ಟಿತು. ಟೀವಿಯಲ್ಲಿ ಅವನದೇ ಉಡುಪು ತೊಟ್ಟು ಅವನದೇ ಸಾಲನ್ನು ಇನ್ನೊಬ್ಬ ಹಾಡಿದ. ಇವಳು ನೆಲಕ್ಕೆ ಕುಸಿದು ಗೋಳೋ ಎಂದು ಅತ್ತಳು.

"ಅಮ್ಮಾ, ದಟ್ಸ್ ಹಿಸ್ ಜ್ಯಾಕೆಟ್! ಎಲ್ರೂ ಹೇಗೆ ಕ್ಲ್ಯಾಪ್ ಮಾಡ್ತಾರೆ?"

ಆಗಷ್ಟೇ ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಸುಧಾಕರ ತಾನು ತೊಟ್ಟಿದ್ದನ್ನು ನೋಡಿಕೊಂಡ. ಮೆಲ್ಲನೆ ಬಿಚ್ಚಿ ಗೂಟಕ್ಕೆ ಹಾಕಿದ. "ನಾನು ಬೇರೆ ತಕ್ಕೊಳ್ತೇನೆ ಅತ್ತಿಗೆ" ಎಂದ. ನಾನು ಮಗಳ ಪಕ್ಕ ನೆಲದ ಮೇಲೇ ಕೂತೆ. ಇಬ್ಬರೂ ಹೊಟ್ಟೆತುಂಬ ಅತ್ತೆವು.

ಹದಿನೈದು ವರ್ಷಗಳ ಮೇಲೆ, ಹೊರಹಾಕಿಸಿಕೊಂಡ ಆ ಹುಡುಗರೆಲ್ಲ ಒಟ್ಟಾಗಿ ಟೊರಾಂಟೋದಲ್ಲಿ ಹಾಡಿದರು. ಮೇಘನಾ ನನ್ನನ್ನೂ ಎಳೆದುಕೊಂಡು ಹೋದಳು. ಹುಡುಗರಿಗೆ ಹೊಟ್ಟೆ ಬಂದಿತ್ತು. ಅವಳ ಮೆಚ್ಚಿನವನ ನೆತ್ತಿಯಲ್ಲಿ ಕೂದಲೇ ಇರಲಿಲ್ಲ. ಮೇಘನಾ ಪಕಪಕ ನಕ್ಕಳು. ಆಮೇಲೆ ನನ್ನ ಕೈ ಹಿಡಿದಳು.

"ಅಮ್ಮ, ಅಪ್ಪನಿಗೂ ಇಷ್ಟೊತ್ತಿಗೆ ತಲೆ ಬೋಳಾಗ್ತಿತ್ತಲ್ಲ?"

"ಪೂರ್ತಿ. ನಿನ್ನ ಅಜ್ಜನ ಹಾಗೆ."

"ಆ್ಯಂಡ್ ಗ್ಲಾಸಸ್?"

"ಹಣೆಗೇರಿಸಿಕೊಂಡು ಮನೆಯಿಡೀ ಹುಡುಕ್ತಿದ್ರು."

ಸತ್ತವರಿಗೆ ವಯಸ್ಸಾಗುವುದಿಲ್ಲವಂತೆ; ಅದೆಂಥ ಭಾಗ್ಯವೋ! ಹಾಡು ಮುಗಿಯುವಷ್ಟರಲ್ಲಿ ಅಮ್ಮ ಮಗಳು ಸೇರಿ ಅವರಿಗೆ ಬೊಜ್ಜು, ಮಂಡಿನೋವು, ಗೊರಕೆ ಎಲ್ಲವನ್ನೂ ಕೊಟ್ಟಿದ್ದೆವು. ಎಷ್ಟು ಚೆನ್ನಾಗಿ ಮುದುಕರಾಗುತ್ತಿದ್ದರು ನನ್ನ ಗಂಡ!