ಮೂರು ಹೆಜ್ಜೆ ಆಚೆಗಿನ ಮಣ್ಣು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಕತ್ತಿನ ಮೇಲೆ ಸಣ್ಣಗೆ ಮಣ್ಣು ಉದುರಿತು. ಆಗಷ್ಟೇ ನಾನು ಒಳಗೋಡೆಯ ಗಡಿಯಾರ ನೋಡಿ, ‘ಊಟದ ಹೊತ್ತಿಗೆಲ್ಲ ಮುಗಿಯುತ್ತದೆ’ ಎಂದುಕೊಂಡಿದ್ದೆ. ಅದಕ್ಕೇ ಸಮಯ ಅಷ್ಟು ಖಚಿತವಾಗಿ ನೆನಪಿದೆ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲೇ ಇದ್ದೆ.

ನಾವು ಬಾಡಿಗೆಗಿದ್ದದ್ದು ಹಳೇ ಬಜಾರಿನ ಒಂದು ಮನೆಯ ಹಿಂಭಾಗದಲ್ಲಿ. ಮುಂಭಾಗದಲ್ಲಿ ಮನೆಯ ಮಾಲೀಕರಾದ ವೀರಭದ್ರಪ್ಪನವರ ಹಗ್ಗದ ಅಂಗಡಿ. ಮಿಣಿ, ಮೂಗುದಾರ, ಬಾರುಕೋಲು ಬೇಕಾದರೆ ಮೋಕ, ರೂಪನಗುಡಿ ಕಡೆಯ ರೈತರು ನೇರ ಅಲ್ಲಿಗೇ ಬರುತ್ತಿದ್ದರು. ಅಂಗಡಿಯ ಮುಂದೆ ಅವರ ತಾತನ ಕಾಲದ ಎರಡು ತೇಗದ ಕಂಬಗಳು, ಅವುಗಳ ಮೇಲೆ ದಪ್ಪನೆಯ ಒಂದು ತೊಲೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವರು ಹಣೆಗೆ ಹಚ್ಚಿಕೊಂಡ ವಿಭೂತಿಯಲ್ಲೇ ಒಂದಿಷ್ಟನ್ನು ಆ ಕಂಬಗಳಿಗೂ ಹಚ್ಚುತ್ತಿದ್ದರು. ನಮ್ಮ ತಂದೆಯನ್ನು ‘ಆಚಾರ್ರೆ’ ಎಂದು ಕರೆಯುತ್ತಿದ್ದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಏ ಬಿ.ಎಸ್ಸಿ.” ಎನ್ನುತ್ತಿದ್ದರು.

ಆ ವರ್ಷ ಬಜಾರಿನ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಮುನಿಸಿಪಾಲಿಟಿಯವರು ಪ್ರತಿ ಅಂಗಡಿಯ ಗೋಡೆಯ ಮೇಲೆ ಕೆಂಪು ಗೆರೆ ಎಳೆದು ಹೋದರು. ಗೆರೆಯಿಂದ ಬೀದಿಯ ಕಡೆಗಿರುವುದೆಲ್ಲ ಹೋಗಬೇಕು. ನಮ್ಮಲ್ಲಿ ಗೆರೆ ಬಿದ್ದದ್ದು ಒಂಬತ್ತಡಿ ಒಳಗೆ. ಅಂಗಡಿ ಇದ್ದದ್ದೇ ಹನ್ನೊಂದಡಿ.

“ಎರಡಡಿ ಅಂಗಡ್ಯಾಗ ಏನು ಮಾರಾದೋ ಬಿ.ಎಸ್ಸಿ.? ನಾ ಒಳಗ ನಿಂತ್ರ ಗಿರಾಕಿ ಹೊರಗ, ಗಿರಾಕಿ ಒಳಗ ಬಂದ್ರ ನಾ ಹೊರಗ” ಎಂದು ವೀರಭದ್ರಪ್ಪನವರು ನಕ್ಕರು. ಆಮೇಲೆ ಕಂಬದ ಮೇಲೆ ಕೈಯಿಟ್ಟರು. “ಇವೆರಡು ಉಳದ್ರ ಸಾಕಪ್ಪ. ಎಲ್ಲಾದ್ರೂ ಒಂದು ಅಂಗಡಿ ಎಬ್ಬಸ್ತೀನಿ.”

ತಾವಾಗಿಯೇ ಬಿಚ್ಚಿಕೊಂಡವರಿಗೆ ಮರಮುಟ್ಟು ಉಳಿಯುತ್ತದೆ, ಇಲ್ಲವಾದರೆ ಗುತ್ತಿಗೆದಾರನ ಜನ ಒಡೆದು ಲಾರಿಗೆ ತುಂಬಿಕೊಂಡು ಹೋಗುತ್ತಾರೆ ಎಂದು ಮುನಿಸಿಪಾಲಿಟಿಯವರು ಹೇಳಿದ್ದರು. ಹಾಗಾಗಿ ಬೀದಿಯುದ್ದಕ್ಕೂ ಜನ ತಮ್ಮ ಮನೆಗಳನ್ನು ತಾವೇ ಕೆಡವುತ್ತಿದ್ದರು. ಗಾರೆ ಕೆಲಸ ಮಾಡುವ ಕುರುಗೋಡಿನ ಗೌಂಡಿ ಮಾರೆಪ್ಪನಿಗೆ ವೀರಭದ್ರಪ್ಪನವರು ಹೇಳಿಕಳಿಸಿದರು. ಅವನಿಗೆ ಎಲ್ಲ ಕಡೆಯಿಂದಲೂ ಕರೆ. ಅವನು ನಮ್ಮಲ್ಲಿಗೆ ಬರುವ ಹೊತ್ತಿಗೆ ಲಾರಿ ಬರಲು ಒಂದೇ ದಿನ ಉಳಿದಿತ್ತು.

ಮಾರೆಪ್ಪನಿಗೆ ಐವತ್ತರ ಆಸುಪಾಸು. ಅವನು ಕೆಳಗೆ ನಿಂತು ಅಂಗಡಿಯ ಮಣ್ಣಿನ ಮಾಳಿಗೆಯನ್ನು ಬಹಳ ಹೊತ್ತು ನೋಡಿದ.

“ಸಾವ್ಕಾರ್ರೆ, ಮದ್ಲು ಮ್ಯಾಲಿನ ಮಣ್ಣು ಇಳಸಬೇಕು. ಆಮ್ಯಾಲ ಕಂಬಕ್ಕ ಕೈ ಹಚ್ಚಾದು. ಮೂರು ದಿನ ಬೇಕು.”

“ಮೂರು ದಿನಾ? ನಾಳಿ ಲಾರಿ ಬರತೈತಂತ ಮಾರಾಯ!”

ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಜಂತೆಗಳ ಮೇಲೆ ನೀರು ಬಿಡದ ಸವುಳು ಮಣ್ಣು ಹಾಕಿ ಗಟ್ಟಿ ಮಾಡಿರುತ್ತಾರೆ. ಸೋರಬಾರದೆಂದು ಪ್ರತಿ ವರ್ಷ ಮಳೆಗೆ ಮುಂಚೆ ಮೇಲೊಂದು ಪದರ ಹೊಸ ಮಣ್ಣು ಬೀಳುತ್ತದೆ. ನಾನು ಹುಟ್ಟಿದಾಗಿನಿಂದ ಇದನ್ನು ನೋಡಿದ್ದೆ. ನೋಡಿದ್ದೆ, ಅಷ್ಟೆ.

ಯಾರೂ ಕೇಳದೆ ನಾನೇ ಬಾಯಿ ಹಾಕಿದೆ. “ಜಂತಿ ಕೆಳಗ ಸರ್ವೆ ಮರದ ಕಂಬದ ಆಸರೆ ಕೊಟ್ರ, ಮಣ್ಣು ಇಳಸದನ ಕಂಬ ತಗೀಬೋದು. ಎಷ್ಟು ಭಾರ ಐತಿ ಅಂತ ಲೆಕ್ಕ ಹಾಕಿ ಹೇಳ್ತೀನಿ.”

ಏಣಿ ಹತ್ತಿ ಮಾಳಿಗೆಯ ಮೇಲೆ ಹೋದೆ. ಬೆಳಗಿನ ಬಿಸಿಲಿಗೇ ಅಂಗಾಲು ಸುಡುತ್ತಿತ್ತು. ಏಣಿಯ ಪಕ್ಕದಲ್ಲೇ, ಮಳೆನೀರು ಹೊರಗೆ ಬೀಳುವ ದೋಣಿಯ ಹತ್ತಿರ, ಕಬ್ಬಿಣದ ಸಲಾಕೆ ಚುಚ್ಚಿ ನೋಡಿದೆ. ಒಂದು ಗೇಣು ಮಣ್ಣು. ಅಲ್ಲಿಂದಲೇ ಇಳಿದುಬಂದೆ. ಯಾವುದೋ ಕಚೇರಿಯಿಂದ ಬಂದಿದ್ದ ಲಕೋಟೆಯ ಹಿಂದೆ ಉದ್ದ, ಅಗಲ, ದಪ್ಪ ಬರೆದು ಗುಣಿಸಿದೆ. ನಾಲ್ಕು ಸರ್ವೆ ಕಂಬ ಸಾಕಾಗಿತ್ತು. ಇರಲಿ ಎಂದು ಆರು ಹೇಳಿದೆ.

ಮಾರೆಪ್ಪ ಲಕೋಟೆಯನ್ನು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. “ಸಣ್ಣಾಚಾರ್ರೇ, ನೂರು ವರ್ಸದ ಮಣ್ಣದು. ಯಾರ್ಯಾರು ಎಷ್ಟೆಷ್ಟು ಹಾಕ್ಯಾರೋ, ಯಾರಿಗೆ ಗೊತ್ತು?”

“ಓದಿದ ಹುಡುಗ ಬರದು ತೋರಸ್ಯಾನಲ್ಲೋ! ನೀ ಹೇಳಿದ್ದು ಯಾವ ಕಾಗದದಾಗ ಐತಿ ತೋರಸು” ಎಂದರು ವೀರಭದ್ರಪ್ಪನವರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಾರೆಪ್ಪನೂ ಸ್ವಲ್ಪ ನಕ್ಕು, “ಆತು ಬಿಡ್ರಿ” ಎಂದು ತಲೆಗೆ ಟವೆಲು ಸುತ್ತಿಕೊಂಡ.

ಮಾರೆಪ್ಪನೂ ಅವನ ಇಬ್ಬರು ಆಳುಗಳೂ ಆರು ಆಸರೆ ನಿಲ್ಲಿಸಿ ತೊಲೆಯನ್ನು ಹಗ್ಗದಿಂದ ಕಟ್ಟಿದರು. ಮೊದಲನೆಯ ಕಂಬ ಸಲೀಸಾಗಿ ಬಂತು. ವೀರಭದ್ರಪ್ಪನವರು ಮಗುವನ್ನು ಮಲಗಿಸುವ ಹಾಗೆ ಅದನ್ನು ಬೀದಿಯಲ್ಲಿ ಮಲಗಿಸಿ ನನ್ನ ಬೆನ್ನು ತಟ್ಟಿದರು. ಎರಡನೆಯದನ್ನು ಬುಡದಲ್ಲಿ ಅಲ್ಲಾಡಿಸುತ್ತಿದ್ದಾಗ ನನ್ನ ಕತ್ತಿನ ಮೇಲೆ ಮಣ್ಣು ಉದುರಿತು. ಮೇಲೆ ನೋಡಿದೆ. ಒಂದು ಸರ್ವೆ ಕಂಬ ಬಿಲ್ಲಿನ ಹಾಗೆ ಬಾಗಿತ್ತು.

“ಹೊರಗ! ಹೊರಗ ಓಡ್ರಿ!” ಮಾರೆಪ್ಪ ಕೂಗಿದ.

ಎರಡು ನೆಗೆತಕ್ಕೆ ನಾನು ಬೀದಿಯಲ್ಲಿದ್ದೆ, ಆಳುಗಳೂ ಹೊರಗೆ ಹಾರಿದ್ದರು. ಮಾರೆಪ್ಪ ನನಗಿಂತ ಬೀದಿಗೆ ಹತ್ತಿರವಿದ್ದ, ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಆದರೆ ವೀರಭದ್ರಪ್ಪನವರು ಅಂಗಡಿಯ ಒಳತುದಿಯಲ್ಲಿ ಕೂತಿದ್ದರು, ಮೊಣಕಾಲು ನೋವಿನ ಮನುಷ್ಯ, ಏಳಲಾಗಲಿಲ್ಲ. ಮಾರೆಪ್ಪ ತಿರುಗಿ ಹೋಗಿ ಅವರನ್ನು ರಟ್ಟೆ ಹಿಡಿದೆತ್ತಿ ನಡುಮನೆಯ ಬಾಗಿಲೊಳಗೆ ತಳ್ಳಿದ. ಅಷ್ಟರಲ್ಲಿ ಮಾಳಿಗೆ ಇಳಿಯಿತು. ದೊಡ್ಡ ಶಬ್ದವೇನೂ ಆಗಲಿಲ್ಲ. ಭಾರವಾದ ಚೀಲವನ್ನು ನೆಲಕ್ಕೆ ಕುಕ್ಕಿದ ಹಾಗೆ, ಅಷ್ಟೆ.

ಸಂತೆಗೆ ಬಂದ ರೈತರು, ಅಕ್ಕಪಕ್ಕದ ಅಂಗಡಿಯವರು ಎಲ್ಲ ಓಡಿಬಂದು ಬುಟ್ಟಿ, ಸಲಿಕೆ, ಬರಿಗೈಯಲ್ಲಿ ಮಣ್ಣು ತೆಗೆದರು. ನಾನೂ ತೋಡಿದೆ. ನಡುವೆ ಒಮ್ಮೆ ತಲೆಯೆತ್ತಿದಾಗ ಮುರಿಯದೆ ಉಳಿದಿದ್ದ ಮಾಳಿಗೆಯ ಅಂಚು ಕಾಣಿಸಿತು. ಕೊಯ್ದಿಟ್ಟ ಹಾಗೆ ಪದರ ಪದರ ಮಣ್ಣು. ದೋಣಿಯ ಹತ್ತಿರ ಒಂದು ಗೇಣು, ನಡುವೆ ಒಂದೂವರೆ ಮೊಳ. ವರ್ಷವರ್ಷವೂ ಹಾಕಿದ ಮಣ್ಣು ಅಂಚಿನಲ್ಲಿ ಮಳೆಗೆ ಕೊಚ್ಚಿ ಹೋಗಿ, ನಡುವೆ ಮಾತ್ರ ಹಾಗೇ ಉಳಿದು ಬೆಳೆದಿತ್ತು. ನಾನು ಸಲಾಕೆ ಚುಚ್ಚಿದ ಜಾಗದಿಂದ ಅದು ಮೂರು ಹೆಜ್ಜೆ.

ಮಾರೆಪ್ಪನನ್ನು ಹೊರಗೆ ತೆಗೆದಾಗ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಬಾಯಿ, ಮೂಗಿನ ತುಂಬ ಮಣ್ಣಿತ್ತು. ಪಕ್ಕದಲ್ಲೇ ಎರಡನೆಯ ಕಂಬ ಬಿದ್ದಿತ್ತು. ಅದಕ್ಕೆ ಏನೂ ಆಗಿರಲಿಲ್ಲ.

ಪೊಲೀಸರು ಬಂದು ಪಂಚನಾಮೆ ಬರೆದರು. ನಾನು ನೋಡಿದ್ದನ್ನೆಲ್ಲ ಹೇಳಿದೆ, ಬರೆದದ್ದನ್ನು ಹೇಳಲಿಲ್ಲ. ಲಕೋಟೆ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ವೀರಭದ್ರಪ್ಪನವರೂ ಅದರ ಮಾತೆತ್ತಲಿಲ್ಲ. ಸಂಜೆ ನಮ್ಮ ತಂದೆಯ ಮುಂದೆ ಕೂತು, “ಆ ರಸ್ತಿ ತಿಂತ್ರಿ ಅವನ್ನ, ಆಚಾರ್ರೆ” ಎಂದು ಅತ್ತರು. ರಸ್ತೆ ತಿಂದಿತೆಂದು ಬೀದಿಯಲ್ಲಿ ಎಲ್ಲರೂ ಹೇಳಿದರು. ನಾನು ತಲೆಯಾಡಿಸಿದೆ.

ಮರುದಿನ ಲಾರಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅದು ಬಂದದ್ದು ಇಪ್ಪತ್ತೆರಡು ದಿನಗಳ ಮೇಲೆ. ಅಷ್ಟರಲ್ಲಿ ವೀರಭದ್ರಪ್ಪನವರು ವ್ಯಾಪಾರವನ್ನೇ ಬಿಟ್ಟು ಸಿರುಗುಪ್ಪದ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಕಂಬಗಳನ್ನು ಕಳಿಸಲೇ ಎಂದು ನಮ್ಮ ತಂದೆ ಕೇಳಿದ್ದಕ್ಕೆ, “ಬ್ಯಾಡ್ರಿ, ಅವನ್ನ ನೋಡಾಕ ನನ್ನಿಂದಾಗಂಗಿಲ್ಲ” ಎಂದಿದ್ದರು. ಬೀದಿಯ ಕಲ್ಲುಮಣ್ಣಿನ ಜೊತೆ ಆ ಎರಡು ಕಂಬಗಳನ್ನೂ ಲಾರಿಗೆ ಎತ್ತಿಹಾಕಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ರಸ್ತೆಗೆ ಡಾಂಬರು ಬಿದ್ದದ್ದು ಎಷ್ಟೋ ಕಾಲದ ಮೇಲೆ. ಅಲ್ಲಿಯವರೆಗೆ ಅರ್ಧ ಕೊಯ್ದ ಮನೆಗಳು ಒಳಗಿನ ಗೂಡು, ಒಲೆ, ದೇವರ ಪಟದ ಮೊಳೆಗಳನ್ನೆಲ್ಲ ಬೀದಿಗೆ ತೋರಿಸುತ್ತ ನಿಂತಿದ್ದವು.

ನನಗೆ ನಿದ್ದೆ ಬರದಾಯಿತು. ಕಣ್ಣು ಮುಚ್ಚಿದರೆ ಕತ್ತಿನ ಮೇಲೆ ಮಣ್ಣು ಉದುರುತ್ತಿತ್ತು. ಎದ್ದು ಕೂತು ಒರೆಸಿಕೊಳ್ಳುತ್ತಿದ್ದೆ. ಸೆಖೆಗೆ ಬೆವರಿದ್ದಾನೆಂದು ಅಮ್ಮ ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದಳು.

ನಲವತ್ತು ದಿನ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಕುರುಗೋಡಿನ ಬಸ್ಸು ಹತ್ತಿದೆ. ಮಾರೆಪ್ಪನ ಹೆಂಡತಿ ಹನುಮಕ್ಕ ಅಂಗಳದಲ್ಲಿ ಸವುಳು ಮಣ್ಣು ಜರಡಿ ಹಿಡಿಯುತ್ತಿದ್ದಳು. ನಾನು ಲಕೋಟೆ ತೆಗೆದು ಎಲ್ಲವನ್ನೂ ಹೇಳಿದೆ. ಅವಳು ಜರಡಿ ಕೆಳಗಿಟ್ಟು ಕೇಳಿದಳು, ಅಳಲಿಲ್ಲ. ಲಕೋಟೆಯನ್ನು ತಿರುಗಿಸಿ ನೋಡಿದಳು.

“ಇದನ್ನ ನನಗ್ಯಾಕ ಕೊಡ್ತೀಯಪ್ಪ? ನಾ ಇದನ್ನ ಎಲ್ಲಿ ಇಡ್ಲಿ?”

ಅವಳು ಅದನ್ನು ನನ್ನ ಕೈಗೇ ವಾಪಸು ಕೊಟ್ಟಳು. ಆಮೇಲೆ ಬುಟ್ಟಿಯತ್ತ ಕೈ ತೋರಿಸಿದಳು. “ಮಳಿ ಬರೂದ್ರೊಳಗ ಮಾಳಿಗಿ ಆಗಬೇಕು. ಮಾಡಾಕ ಗಂಡಸಿಲ್ಲ. ಬಂದೀಯಲ್ಲ, ಹೊರು.”

ಮೊದಲನೆಯ ಬುಟ್ಟಿ ಹೊತ್ತು ಮೇಲೆ ಹೋದವನು ಮಣ್ಣು ಸುರಿಯಲಾರದೆ ನಿಂತುಬಿಟ್ಟೆ. ಅಲ್ಲಿದ್ದ ಗುದ್ದಲಿಯ ತುದಿಯಿಂದ ಮಾಳಿಗೆಯ ಅಂಚಿನಲ್ಲಿ ಕೆದರಿ ನೋಡಿದೆ, ಗೇಣು. ನಡುವೆ ಹೋಗಿ ಕೆದರಿದೆ, ಗೇಣು. ಎಲ್ಲ ಕಡೆಯೂ ಅಷ್ಟೇ.

“ಏನು ನೋಡ್ತೀ?” ಹನುಮಕ್ಕ ಕೆಳಗಿನಿಂದ ಕೂಗಿದಳು. “ಮದ್ಲು ಹಳೇದು ಕೆರದು ಕೆಳಗ ಹಾಕು, ಆಮ್ಯಾಲ ಹೊಸಾದು. ವರ್ಸಾ ವರ್ಸಾ ಅವ ಹಂಗ ಮಾಡ್ತಿದ್ದ. ಮ್ಯಾಲಿನ ಭಾರ ತೆಳಗ ಮಲಗಿದವ್ರಿಗೆ ಗೊತ್ತಾಗಂಗಿಲ್ಲ ಅಂತಿದ್ದ.”

ಸಂಜೆಯವರೆಗೆ ಕೆರೆದೆ, ಹೊತ್ತೆ, ತುಳಿದೆ. ನೀರು ಕೊಟ್ಟಳು. ನಾನು ಹೊರಡುವಾಗ ಬುಟ್ಟಿಯನ್ನು ಗೋಡೆಯ ಪಕ್ಕ ಕವುಚಿಟ್ಟು ಒಳಗೆ ಹೋದಳು. ಕೊನೆಯ ಬಸ್ಸು ಹಿಡಿದು ಬಳ್ಳಾರಿಗೆ ಬಂದು, ಕೈಕಾಲು ತೊಳೆಯದೆ ಹಿತ್ತಲಲ್ಲಿ ಚಾಪೆಯ ಮೇಲೆ ಬಿದ್ದವನಿಗೆ ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು. ನಲವತ್ತು ದಿನಗಳಲ್ಲಿ ಮೊದಲ ಬಾರಿ ರಾತ್ರಿಯಿಡೀ ಮಲಗಿದ್ದೆ. ಕತ್ತು ಮುಟ್ಟಿಕೊಂಡೆ. ಅವಳ ಮನೆಯ ಮಣ್ಣು ಅಲ್ಲಿ ಒಣಗಿ ಅಂಟಿಕೊಂಡಿತ್ತು. ನನ್ನ ಲೆಕ್ಕದಿಂದ ಸತ್ತ ಮಾರೆಪ್ಪನ ಮಾಳಿಗೆಯ ಮೇಲೆ ಮಾಡಿದ ಕೂಲಿಯೇ ನನಗೆ ನಿದ್ದೆ ಕೊಟ್ಟಿತಲ್ಲ ಎಂದು ನಾಚಿಕೆಯಾಗಿ, ಬಹಳ ಹೊತ್ತು ಏಳಲಾಗಲಿಲ್ಲ.