ಚಿಕ್ಕವ್ವ ಹಾಲು ಉಕ್ಕಿಸಿದ ಜಾಗ

ಗೆಳೆಯರೇ, ಇಷ್ಟು ದಿನ ಮುಚ್ಚಿಟ್ಟಿದ್ದೆ. 'ಟೌನ್ ಪ್ಲಾನಿಂಗ್‌ನಲ್ಲಿದ್ದೇನೆ' ಎನ್ನುತ್ತಿದ್ದೆನಲ್ಲ, ಅಂದರೆ ಸ್ಕೂಲು ಬಿಟ್ಟ ನಾನು ನಂಜನಗೂಡಿನ ಹೊಸ ಬಡಾವಣೆಯಲ್ಲಿ ಮನೆ, ಪಾರ್ಕು, ಅಂಗಡಿಗಳಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತೇನೆ.

ಜೀವನವೆಲ್ಲ ಬಾಡಿಗೆ ಮನೆಯಲ್ಲೇ ಕಳೆದ ನಮ್ಮ ಚಿಕ್ಕವ್ವನಿಗೂ ಅಲ್ಲೊಂದು ಮನೆ ಬರುತ್ತದೆ. ಗೋಡೆ ಏಳುವವರೆಗೂ ಕಾಯದೆ, ಇವತ್ತು ನಾನೆಳೆದ ಎಲ್ಲಕ್ಕಿಂತ ದೊಡ್ಡ ಚೌಕವೇ ತನ್ನದೆಂದು ಅದರೊಳಗೆ ಮೂರು ಕಲ್ಲಿಟ್ಟು ಒಲೆ ಹೂಡಿ ಹಾಲು ಉಕ್ಕಿಸಿಬಿಟ್ಟಳು.

"ಹೇಳ್ಬೇಡ, ಬೇಜಾರಾಗ್ತಾರೆ" ಎಂದು ಪಕ್ಕದಲ್ಲಿದ್ದ ನಮ್ಮ ಬಡಾವಣೆಯ ಇಂಜಿನಿಯರ್ ಪಿಸುಗುಟ್ಟಿದರು. ನನ್ನ ಬಾಯಿ ಕೇಳಲಿಲ್ಲ.

"ಚಿಕ್ಕವ್ವ, ಇದು ಕೊಳಚೆ ನೀರು ಸೋಸಿ ಪಾರ್ಕಿಗೆ ಬಿಡೋ ತೊಟ್ಟಿ. ನಿನ್ ಮನೆ ಅಗೋ, ಆ ಚಿಕ್ಕದು."

ಚಿಕ್ಕವ್ವ ಹಾಲಿನ ಪಾತ್ರೆ ಇಳಿಸಿದಳು. "ಅದ್ಕೇನ್ಲಾ, ಅಲ್ಲೂ ಉಕ್ಕುಸ್ತೀನಿ." ಹೊರಡುವ ಮುಂಚೆ ಇಂಜಿನಿಯರ್ ಕೈಗೆ ಲೋಟ ಕೊಟ್ಟಳು: "ಕುಡೀರಿ ಸಾ, ಇದು ನಿಮ್ ತೊಟ್ಟಿ ಗೃಹಪ್ರವೇಶದ್ದು."

ನಾಳೆ ಅವಳ ಮನೆಗೆ ಪಾಯ ತೋಡುತ್ತಾರೆ. ನಾನು ಬೆಳಗಿನ ಬಸ್ಸಿಗೆ ಟಿ. ನರಸೀಪುರಕ್ಕೆ, ಅಲ್ಲಿನ ಬಡಾವಣೆಗೆ ಗೆರೆ ಎಳೆಯಲು ಹೊರಡುತ್ತೇನೆ.